ಕೆಟ್ಟಿದ್ದು ಎಂಜಿನ್ನೋ, ಮೀಟರೋ?

ಜೂನ್ 1ಕ್ಕೆ ಮೀನುಗಾರಿಕೆ ಬಂದಾಯಿತೆಂದರೆ ತದಡಿ ಬಂದರಿನಲ್ಲಿ ನನ್ನ ಸೋದರಮಾವನಿಗೆ ಪುರಸೊತ್ತೇ ಇರುವುದಿಲ್ಲ. ಜುಲೈ 31ರವರೆಗೆ, ಒಟ್ಟು 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅಷ್ಟರೊಳಗೆ ಸಾಲಾಗಿ ನಿಂತ ಬೋಟುಗಳ ಎಂಜಿನ್ ಬಿಚ್ಚಬೇಕು, ಪಿಸ್ಟನ್ ರಿಂಗ್ ಬದಲಿಸಬೇಕು, ನಾಝಲ್ ನೋಡಬೇಕು, ಮತ್ತೆ ಜೋಡಿಸಬೇಕು. ಮಾವ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಒಂದು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ "ಹಿಂದಿನ ಬೇರಿಂಗ್ ಹೋಗಿದೆ" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತದೆ.

ನಾನು ವಿಮಾನದ ಎಂಜಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಕಳೆದ ಮಳೆಗಾಲ ರಜೆಗೆ ಊರಿಗೆ ಬಂದಾಗ ಮಾವ ಕೇಳಿದರು: "ತಮಾ, ನಿಮ್ಮ ವಿಮಾನಕ್ಕೂ ಹೀಗೆ ಎರಡು ತಿಂಗಳು ರಜೆ ಉಂಟಾ? ಎಂಜಿನ್ ಬಿಚ್ಚೋದು ಯಾವಾಗ?" ಅದೇ ವಾರ ಕಾರವಾರದ ಭಾವ ಗೋವಾದ ದಾಬೋಲಿಂ ನಿಲ್ದಾಣದಲ್ಲಿ ಐದು ಗಂಟೆ ಕಾದು, ಕೋಪದಲ್ಲಿ ಫೋನ್ ಮಾಡಿದ್ದರು. "ಟೆಕ್ನಿಕಲ್ ಪ್ರಾಬ್ಲಂ ಅಂತಾರೆ. ಏನು ಪ್ರಾಬ್ಲಂ ಅಂತ ಒಬ್ಬರೂ ಹೇಳಲ್ಲ. ಐದು ಗಂಟೆ ಏನು ಮಾಡ್ತಾರೆ ಇವರು?"

ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ವಿಮಾನದ ಎಂಜಿನ್ ರಿಪೇರಿಯಲ್ಲಿ ಸ್ಪ್ಯಾನರ್ ಹಿಡಿಯುವ ಹೊತ್ತು ಕಡಿಮೆ. ಏನು ಕೆಟ್ಟಿದೆ ಎಂದು ಹುಡುಕುವ ಹೊತ್ತೇ ಜಾಸ್ತಿ.

ಮೊದಲು ಎಂಜಿನ್ ಹೇಗಿದೆ ನೋಡೋಣ. ಇದರಲ್ಲಿ ಪಿಸ್ಟನ್ ಇಲ್ಲ. ಮುಂದೆ ಒಂದು ದೊಡ್ಡ ಫ್ಯಾನ್. ಬೋಯಿಂಗ್ 737ರಲ್ಲಿ ಬಹಳ ಕಾಲದಿಂದ ಇರುವ ಸಿಎಫ್‌ಎಂ56-7ಬಿ ಎಂಜಿನ್‌ನಲ್ಲಿ ಆ ಫ್ಯಾನ್ ಸುಮಾರು 155 ಸೆಂಟಿಮೀಟರ್ ಅಗಲ, 24 ಬ್ಲೇಡು. ಅದು ಎಳೆದುಕೊಂಡ ಗಾಳಿಯಲ್ಲಿ ಹೆಚ್ಚಿನ ಪಾಲು ಎಂಜಿನ್‌ನ ಹೊಟ್ಟೆಯೊಳಗೆ ಹೋಗುವುದೇ ಇಲ್ಲ, ಪಕ್ಕದಿಂದ ಹಿಂದಕ್ಕೆ ಹೋಗುತ್ತದೆ. ವಿಮಾನವನ್ನು ತಳ್ಳುವ ಶಕ್ತಿ ಬಹುಪಾಲು ಬರುವುದು ಈ ಗಾಳಿಯಿಂದಲೇ. ಉಳಿದ ಸ್ವಲ್ಪ ಗಾಳಿ ಒಳಗೆ ಹೋಗುತ್ತದೆ. ಅದನ್ನು ಕಂಪ್ರೆಸರ್ 30 ಪಟ್ಟಿಗಿಂತ ಹೆಚ್ಚು ಒತ್ತುತ್ತದೆ. ಆ ಬಿಗಿಯಾದ ಗಾಳಿಗೆ ಇಂಧನ ಚಿಮುಕಿಸಿ ಉರಿಸುತ್ತಾರೆ. ಉರಿದ ಗಾಳಿ ಹಿಂದಿನ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಒಂದು ಶಾಫ್ಟಿನಿಂದ ಮುಂದಿನ ಕಂಪ್ರೆಸರನ್ನೂ, ಇನ್ನೊಂದು ಶಾಫ್ಟಿನಿಂದ ಫ್ಯಾನನ್ನೂ ತಿರುಗಿಸುತ್ತದೆ. ಒಮ್ಮೆ ಹೊತ್ತಿಕೊಂಡರೆ ಬೆಂಕಿ ಆರುವುದಿಲ್ಲ, ಇಂಧನ ನಿಲ್ಲಿಸುವವರೆಗೆ ಒಂದೇ ಸಮ ಉರಿಯುತ್ತದೆ.

ಎರಡು ವಿಷಯ ಹೇಳಿದರೆ ಸಾಕು. ಈ ಎಂಜಿನ್‌ನಲ್ಲಿ ಕಂಪ್ರೆಸರ್ ತಿರುಗಿಸುವ ಒಳಗಿನ ಶಾಫ್ಟ್ ನೂರು ಪರ್ಸೆಂಟ್ ವೇಗದಲ್ಲಿ ನಿಮಿಷಕ್ಕೆ 14,460 ಸುತ್ತು ತಿರುಗುತ್ತದೆ. ಮಾವನ ಬೋಟಿನ ಡೀಸೆಲ್ ಎಂಜಿನ್ 2,000ದ ಹತ್ತಿರ ಹೋದರೆ ಅದೇ ದೊಡ್ಡದು. ಇನ್ನು ಬಿಸಿ. ಟರ್ಬೈನ್ ಬ್ಲೇಡಿಗೆ ಬಡಿಯುವ ಗಾಳಿ ಆ ಬ್ಲೇಡಿನ ಲೋಹ ಕರಗುವ ಬಿಸಿಗಿಂತಲೂ ಬಿಸಿ. ಆದರೂ ಬ್ಲೇಡು ಕರಗುವುದಿಲ್ಲ. ಬ್ಲೇಡಿನ ಒಳಗೆ ಪೊಳ್ಳು ದಾರಿಗಳಿವೆ, ಮೈಮೇಲೆ ಸೂಜಿಮೊನೆಯಂಥ ತೂತುಗಳಿವೆ. ಕಂಪ್ರೆಸರಿನಿಂದ ಬಂದ ಗಾಳಿ ಆ ತೂತುಗಳಿಂದ ಹೊರಬಂದು ಬ್ಲೇಡಿನ ಮೇಲೆ ತೆಳ್ಳನೆ ಹೊದಿಕೆಯ ಹಾಗೆ ಹರಿಯುತ್ತದೆ. ಆ ತೂತು ಧೂಳಿನಿಂದ ಮುಚ್ಚಿತೋ, ಬ್ಲೇಡಿನ ಕಥೆ ಮುಗಿಯಿತು.

ಶಿರಸಿಯವರು ಹುಬ್ಬಳ್ಳಿಗೆ ಹೋಗಿ ಹತ್ತುವ ಎಟಿಆರ್ ವಿಮಾನದಲ್ಲಿ ಹೊರಗೆ ಪ್ರೊಪೆಲ್ಲರ್ ಕಾಣುತ್ತದಲ್ಲ, ಅದರ ಹಿಂದೆಯೂ ಇರುವುದು ಇಂಥದೇ ಟರ್ಬೈನ್ ಎಂಜಿನ್. ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತದೆ ಅಷ್ಟೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನ ನಿಲ್ಲಿಸಿದ್ದಾರೆ. ಅದರದ್ದೂ ಅದೇ ಜಾತಿ. ಒಂದೊಂದು ಎಂಜಿನ್‌ಗೂ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್, ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಮಕ್ಕಳನ್ನು ಕರೆದುಕೊಂಡು ಹೋದವರು ಹೊರಗೆ ಬರೀ ಫೋಟೋ ತೆಗೆದು ಬರಬೇಡಿ. ಎಂಜಿನ್ ಹತ್ತಿರ ನಿಂತು ಆ ಬ್ಲೇಡುಗಳು ಯಾವ ಕಡೆಗೆ ವಾಲಿವೆ ನೋಡಿ, ಎರಡು ಸಾಲೂ ಬೇರೆ ಬೇರೆ ಕಡೆಗೆ ಇರುತ್ತವೆ.

ಈಗ ರೋಗಕ್ಕೆ ಬರೋಣ.

ಬೋಟಿನ ತಾಂಡೇಲ ದಡಕ್ಕೆ ಬಂದು "ಎಂಜಿನ್ ಸರಿ ಇಲ್ಲ" ಎಂದರೆ ಮಾವ ರೇಗುತ್ತಾರೆ. "ಯಾವಾಗ ಸರಿ ಇಲ್ಲ? ಬಲೆ ಎಳೆಯುವಾಗಲಾ, ಖಾಲಿ ಓಡುವಾಗಲಾ? ಹೊಗೆ ಕಪ್ಪಾ, ಬಿಳಿಯಾ?" ನಮ್ಮಲ್ಲಿ ತಾಂಡೇಲನ ಜಾಗದಲ್ಲಿ ಪೈಲಟ್. ಪ್ರತಿ ವಿಮಾನದಲ್ಲೂ ಟೆಕ್ ಲಾಗ್ ಎಂಬ ಪುಸ್ತಕ ಇರುತ್ತದೆ. ಕಂಡ ದೋಷವನ್ನು ಪೈಲಟ್ ಅದರಲ್ಲಿ ಬರೆಯಬೇಕು. ನಾವು ಮಾಡಿದ ಕೆಲಸವನ್ನು ಅದರ ಕೆಳಗೇ ಬರೆದು ಸಹಿ ಹಾಕಬೇಕು. "ಬಲ ಎಂಜಿನ್ ವೈಬ್ರೇಷನ್ ಜಾಸ್ತಿ" ಎಂದಷ್ಟೇ ಬರೆದರೆ ನಮಗೆ ಅರ್ಧ ರಾತ್ರಿ ಹೋಯಿತು. ಏರುವಾಗ, ಇಷ್ಟು ಎತ್ತರದಲ್ಲಿ, ಇಷ್ಟು ವೇಗದಲ್ಲಿ ಜಾಸ್ತಿಯಾಯಿತು, ಪವರ್ ಇಳಿಸಿದ ಮೇಲೆ ಕಡಿಮೆಯಾಯಿತು ಎಂದು ಬರೆದರೆ ಕೆಲಸ ಅರ್ಧ ಮುಗಿದ ಹಾಗೆ. ಎಷ್ಟೇ ದುಬಾರಿ ಉಪಕರಣ ಇರಲಿ, ಚೆನ್ನಾಗಿ ಬರೆದ ಎರಡು ಸಾಲಿಗೆ ಸಮ ಬೇರೆ ಇಲ್ಲ. ಇದು ಇಷ್ಟು ವರ್ಷದ ಕೆಲಸದಲ್ಲಿ ನನಗೆ ಖಚಿತವಾದ ಮಾತು.

ಪೈಲಟ್ ಮುಂದಿನ ಪರದೆಯಲ್ಲಿ ಕೆಲವು ಅಂಕಿಗಳಿರುತ್ತವೆ. ಫ್ಯಾನ್ ಶಾಫ್ಟಿನ ವೇಗ ಎನ್ ಒನ್. ಒಳಗಿನ ಶಾಫ್ಟಿನ ವೇಗ ಎನ್ ಟೂ. ಟರ್ಬೈನ್ ಕಡೆಯ ಗಾಳಿಯ ಬಿಸಿ ಇಜಿಟಿ. ಗಂಟೆಗೆ ಎಷ್ಟು ಇಂಧನ ಹೋಗುತ್ತಿದೆ ಎಂಬುದು ಫ್ಯೂಯಲ್ ಫ್ಲೋ. ಆಯಿಲ್‌ನ ಒತ್ತಡ, ಬಿಸಿ, ಪ್ರಮಾಣ. ಕೊನೆಗೆ ವೈಬ್ರೇಷನ್. ನಮ್ಮ ಮನೆಯವರ ನಾಡಿ ಹಿಡಿದ ಹಾಗೆ ಇವು. ಯಾವುದಾದರೂ ಒಂದು ಹದ ತಪ್ಪಿದರೆ ಎಚ್ಚರಿಕೆ ಬರುತ್ತದೆ.

ಆಗ ಕೇಳಬೇಕಾದ ಮೊದಲ ಪ್ರಶ್ನೆ: ಕೆಟ್ಟಿದ್ದು ಎಂಜಿನ್ನೋ, ಮೀಟರೋ?

ಮಗು ಅಂಗಳದಲ್ಲಿ ಓಡಾಡಿಕೊಂಡು ಆಡುತ್ತಿದೆ, ಥರ್ಮಾಮೀಟರ್ ಮಾತ್ರ 104 ಡಿಗ್ರಿ ತೋರಿಸುತ್ತಿದೆ ಎಂದುಕೊಳ್ಳಿ. ಯಾರಾದರೂ ಮೊದಲು ಥರ್ಮಾಮೀಟರನ್ನೇ ಇನ್ನೊಮ್ಮೆ ನೋಡುತ್ತಾರೆ, ಅಲ್ವಾ? ಎಂಜಿನ್‌ನಲ್ಲೂ ಹಾಗೆಯೇ. ಇಜಿಟಿ ಒಂದೇ ಏರಿ, ಉಳಿದವೆಲ್ಲ ಇದ್ದಲ್ಲೇ ಇದ್ದರೆ ಅನುಮಾನ ಮೀಟರಿನ ಮೇಲೆ. ಬಿಸಿ ಅಳೆಯುವ ಥರ್ಮೋಕಪಲ್, ಅದರ ತಂತಿ, ತಂತಿಯ ತುದಿಯ ಕನೆಕ್ಟರ್, ಇವುಗಳಲ್ಲಿ ಎಲ್ಲೋ ತೊಂದರೆ. ಇಜಿಟಿ ಜೊತೆಗೆ ಫ್ಯೂಯಲ್ ಫ್ಲೋ ಕೂಡ ಏರಿದ್ದರೆ, ಅದೇ ಕೆಲಸಕ್ಕೆ ಎಂಜಿನ್ ಹೆಚ್ಚು ಉರಿಸುತ್ತಿದೆ, ನಿಜವಾಗಿ ಕಷ್ಟಪಡುತ್ತಿದೆ ಎಂದರ್ಥ. ಕಂಪ್ರೆಸರ್ ಬ್ಲೇಡು ಕೊಳೆಯಾಗಿರಬಹುದು, ಸವೆದಿರಬಹುದು. ಕಂಪ್ರೆಸರಿನ ಗಾಳಿ ಎಲ್ಲೋ ಸೋರುತ್ತಿರಬಹುದು. ಪಕ್ಕದ ಎಂಜಿನ್ ಇದೆಯಲ್ಲ, ಅದು ಇನ್ನೂ ಒಳ್ಳೆಯ ಸಾಕ್ಷಿ. ಅದೇ ಗಾಳಿ, ಅದೇ ಎತ್ತರ, ಅದೇ ಇಂಧನ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಸರಿ ಇಲ್ಲ ಎಂಬುದು ಹೊರಬರುತ್ತದೆ.

ಇದಕ್ಕೆ ಇನ್ನೊಂದು ಅನುಕೂಲ ಇದೆ. ಎಂಜಿನ್ ನಡೆಸುವ ಕಂಪ್ಯೂಟರಿಗೆ ಫೆಡೆಕ್ ಎನ್ನುತ್ತೇವೆ. ಅದರೊಳಗೆ ಒಂದೇ ಕೆಲಸಕ್ಕೆ ಎರಡು ಚಾನೆಲ್. ಒಂದು ಕೆಲಸ ಮಾಡುವಾಗ ಇನ್ನೊಂದು ಕಾದು ನಿಂತಿರುತ್ತದೆ. ಮುಖ್ಯ ಸೆನ್ಸರುಗಳು ಎರಡಕ್ಕೂ ಬೇರೆ ಬೇರೆ ತಂತಿಯಲ್ಲಿ ಸುದ್ದಿ ಕೊಡುತ್ತವೆ. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪದಿದ್ದರೆ ಹುಡುಕಬೇಕಾದ ಜಾಗ ಆಗಲೇ ಸಣ್ಣದಾಯಿತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ವಿಮಾನದ ಬಲ ಎಂಜಿನ್‌ನಲ್ಲಿ ಇಜಿಟಿ ಆಗಾಗ ಜಿಗಿಯುತ್ತಿತ್ತು. ಉಳಿದದ್ದೆಲ್ಲ ಸ್ಥಿರ. ಹಾಗಾಗಿ ಮೀಟರಿನ ಕಡೆಯದ್ದೇ ತೊಂದರೆ ಎಂದು ಗೊತ್ತಾಯಿತು. ಮೊದಲ ರಾತ್ರಿ ಥರ್ಮೋಕಪಲ್ ಬದಲಿಸಿದೆವು. ನೆಲದ ಮೇಲೆ ಟೆಸ್ಟ್ ಮಾಡಿದರೆ ಎಲ್ಲ ಸರಿ. ಮರುದಿನ ಹಾರಿದ ಮೇಲೆ ಮತ್ತೆ ಅದೇ. ಎರಡನೇ ರಾತ್ರಿ ಕನೆಕ್ಟರುಗಳನ್ನೆಲ್ಲ ಬಿಚ್ಚಿ, ಒರೆಸಿ, ಪಿನ್ನು ನೋಡಿ, ಮತ್ತೆ ಹಾಕಿದೆವು. ಮತ್ತೆ ಅದೇ. ಮೂರನೇ ರಾತ್ರಿ ನಾನು ಮತ್ತು ಒಬ್ಬ ಹಿರಿಯ ಟೆಕ್ನಿಶಿಯನ್ ಟಾರ್ಚು ಹಿಡಿದು ತಂತಿಯ ಉದ್ದಕ್ಕೂ ಒಂದೊಂದೇ ಬೆರಳು ಸರಿಸುತ್ತಾ ಹೋದೆವು. ಒಂದು ಕ್ಲ್ಯಾಂಪಿನ ಕೆಳಗೆ ಅವರ ಬೆರಳು ನಿಂತಿತು. ಕ್ಲ್ಯಾಂಪಿನ ರಬ್ಬರು ಬಿಸಿಗೆ ಒಣಗಿ ಹೋಗಿತ್ತು. ಬರೀ ಲೋಹ ತಂತಿಗೆ ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಹರಿದಿತ್ತು. ನೆಲದ ಮೇಲೆ ಎಂಜಿನ್ ನಡುಗುವುದಿಲ್ಲ, ತಂತಿ ಮುಟ್ಟುವುದಿಲ್ಲ, ಟೆಸ್ಟ್ ಪಾಸಾಗುತ್ತದೆ. ಆಕಾಶದಲ್ಲಿ ನಡುಕ ಬಂದಾಗ ಮಾತ್ರ ಮುಟ್ಟುತ್ತದೆ. ಆ ತಂತಿ ಸರಿಮಾಡಲು ತೆಗೆದುಕೊಂಡ ಸಮಯ ಒಂದು ಗಂಟೆಯೂ ಅಲ್ಲ. ಹುಡುಕಲು ಮೂರು ರಾತ್ರಿ. ಮೊದಲ ರಾತ್ರಿ ತೆಗೆದು ಹಾಕಿದ ಥರ್ಮೋಕಪಲ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಸುಮ್ನೆ ಭಾಗ ಬದಲಿಸುತ್ತಾ ಹೋಗುವುದು ರಿಪೇರಿಯಲ್ಲ. ಹಾಗಾಗಬಾರದೆಂದೇ ಕಂಪನಿಗಳು ದೋಷ ಹುಡುಕುವ ಪುಸ್ತಕ ಬರೆದಿಟ್ಟಿವೆ. ಏರ್‌ಬಸ್‌ನವರು ಅದಕ್ಕೆ ಟ್ರಬಲ್ ಶೂಟಿಂಗ್ ಮ್ಯಾನುಯಲ್ ಎನ್ನುತ್ತಾರೆ, ಬೋಯಿಂಗ್‌ನವರು ಫಾಲ್ಟ್ ಐಸೊಲೇಷನ್ ಮ್ಯಾನುಯಲ್ ಎನ್ನುತ್ತಾರೆ. ಕಂಪ್ಯೂಟರ್ ಕೊಟ್ಟ ದೋಷದ ಸಂಖ್ಯೆ ಹಿಡಿದು ಒಳಗೆ ಹೋದರೆ ಅದು ದಾರಿ ತೋರಿಸುತ್ತದೆ. ಈ ಟೆಸ್ಟ್ ಮಾಡು, ಪಾಸಾದರೆ ಇಲ್ಲಿಗೆ ಹೋಗು, ಫೇಲಾದರೆ ಅಲ್ಲಿಗೆ ಹೋಗು. ದೇವಿಮನೆ ಘಟ್ಟದಲ್ಲಿ ರಾತ್ರಿ ಗಾಡಿ ಓಡಿಸುವಾಗ ರಸ್ತೆ ಬದಿಯ ಬಿಳಿ ಗೆರೆ ಹಿಡಿದು ಹೋದ ಹಾಗೆ. ಗೆರೆ ಇದ್ದರೂ ಕಣ್ಣು ಮುಚ್ಚಿಕೊಂಡು ಓಡಿಸಲು ಬರುವುದಿಲ್ಲ.

ಮೀಟರಿನ ಮೇಲೆ ಅನುಮಾನಪಡಬೇಕು ಎಂದೆ. ಆದರೆ ಅನುಮಾನವೇ ತೀರ್ಪು ಆಗಬಾರದು. ಅದಕ್ಕೆ ಎರಡು ಘಟನೆ ಹೇಳಲೇಬೇಕು.

1983ರ ಮೇ 5. ಈಸ್ಟರ್ನ್ ಏರ್‌ಲೈನ್ಸ್‌ನ ಮೂರು ಎಂಜಿನ್‌ಗಳ ವಿಮಾನ ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವ್‌ಗೆ ಹೊರಟಿತ್ತು. ಒಳಗೆ 172 ಜನ. ಮೊದಲು ಒಂದು ಎಂಜಿನ್‌ನ ಆಯಿಲ್ ಒತ್ತಡ ಇಳಿಯಿತು, ಅದನ್ನು ಬಂದ್ ಮಾಡಿ ಹಿಂದಿರುಗಿದರು. ಆಮೇಲೆ ಉಳಿದ ಎರಡರ ಮೀಟರುಗಳೂ ಆಯಿಲ್ ಇಲ್ಲ ಎಂದು ತೋರಿಸಿದವು. ಮೂರೂ ಎಂಜಿನ್‌ನ ಆಯಿಲ್ ಒಟ್ಟಿಗೇ ಹೋಗುವುದು ಸಾಧ್ಯವೇ ಇಲ್ಲ, ಮೀಟರಿನದ್ದೇ ತಪ್ಪು ಎಂದು ಅವರಿಗೆ ಅನಿಸಿತು. ಆದರೆ ಮೀಟರು ಹೇಳಿದ್ದು ನಿಜ. ಉಳಿದೆರಡೂ ಸಮುದ್ರದ ಮೇಲೆ ನಿಂತವು. ಮೊದಲು ಬಂದ್ ಮಾಡಿದ್ದ ಎಂಜಿನ್ ಹೇಗೋ ಮತ್ತೆ ಹೊತ್ತಿಕೊಂಡು, ಅದೊಂದರಿಂದಲೇ ವಿಮಾನ ಮಯಾಮಿಯಲ್ಲಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಏನಾಗಿತ್ತೆಂದರೆ, ಆಯಿಲ್ ದಾರಿಯಲ್ಲಿ ಚಿಪ್ ಡಿಟೆಕ್ಟರ್ ಎಂಬ ಸಣ್ಣ ಆಯಸ್ಕಾಂತದ ಬಿರಡೆ ಇರುತ್ತದೆ. ಹಿಂದಿನ ರಾತ್ರಿ ಮೂರೂ ಎಂಜಿನ್‌ಗೆ ಹೊಸದು ಹಾಕಿದ್ದರು. ಮೂರಕ್ಕೂ ಓ-ರಿಂಗ್ ಹಾಕಿರಲಿಲ್ಲ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಹಾಕದೆ ಮುಚ್ಚಳ ಮುಚ್ಚಿದ ಹಾಗೆ. ಇಂಥ ತಪ್ಪು ಮರುಕಳಿಸಬಾರದೆಂದು ಈಗ ಒಂದು ಪದ್ಧತಿ ಇದೆ. ಒಂದೇ ಬಗೆಯ ಕೆಲಸವನ್ನು ಒಬ್ಬನೇ ಒಂದೇ ಸಲಕ್ಕೆ ಎರಡೂ ಎಂಜಿನ್‌ಗೆ ಮಾಡಬಾರದು. ಎರಡೇ ಎಂಜಿನ್ ಇಟ್ಟುಕೊಂಡು ಬಹಳ ಹೊತ್ತು ಸಮುದ್ರದ ಮೇಲೆ ಹಾರುವ ವಿಮಾನಗಳಿಗೆ ಇದು ಕಡ್ಡಾಯದ ಹಾಗೆ. ಮಾಡಲೇಬೇಕಾಗಿ ಬಂದರೆ ಇನ್ನೊಬ್ಬರು ಬಂದು ನೋಡಬೇಕು, ಎಂಜಿನ್ ಓಡಿಸಿ ಸೋರುತ್ತದೆಯೇ ಎಂದು ಪರೀಕ್ಷಿಸಬೇಕು.

ಎರಡನೆಯದು 1989ರ ಜನವರಿ 8. ಲಂಡನ್‌ನಿಂದ ಬೆಲ್‌ಫಾಸ್ಟ್‌ಗೆ ಹೊರಟ ಬೋಯಿಂಗ್ 737-400. ಎಡ ಎಂಜಿನ್‌ನ ಒಂದು ಫ್ಯಾನ್ ಬ್ಲೇಡು ಮುರಿಯಿತು. ವಿಮಾನ ನಡುಗಿತು, ಹೊಗೆ ವಾಸನೆ ಬಂತು. ಪೈಲಟ್‌ಗಳು ಬಲ ಎಂಜಿನ್ ಬಂದ್ ಮಾಡಿದರು. ಅದೇ ಹೊತ್ತಿಗೆ ಎಡ ಎಂಜಿನ್‌ನ ಪವರ್ ಕಡಿಮೆಯಾದ್ದರಿಂದ ನಡುಕವೂ ತಗ್ಗಿತು. ಸರಿಯಾದದ್ದನ್ನೇ ಬಂದ್ ಮಾಡಿದೆವು ಎಂದುಕೊಂಡರು. ವೈಬ್ರೇಷನ್ ಮೀಟರು ಎಡದ್ದೇ ಕೆಟ್ಟಿದೆ ಎಂದು ತೋರಿಸುತ್ತಿತ್ತು. ಆದರೆ ಹಳೆಯ ವಿಮಾನಗಳಲ್ಲಿ ಆ ಮೀಟರು ನಂಬಿಕೆಗೆ ತಕ್ಕದ್ದಲ್ಲ ಎಂಬ ಮಾತಿತ್ತು, ಇದರಲ್ಲಿ ಅದು ಬಹಳ ಸಣ್ಣದಾಗಿಯೂ ಇತ್ತು. ಇಳಿಯಲು ಪವರ್ ಕೊಟ್ಟಾಗ ಎಡ ಎಂಜಿನ್ ಪೂರ್ತಿ ಹೋಯಿತು. ರನ್‌ವೇ ಮುಟ್ಟುವ ಮೊದಲೇ ಕೆಗ್‌ವರ್ತ್ ಎಂಬ ಹಳ್ಳಿಯ ಪಕ್ಕ ಬಿದ್ದಿತು. 126 ಜನರಲ್ಲಿ 47 ಜನ ತೀರಿಕೊಂಡರು. ಈ ವಿಷಯ ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಮಾವನಿಗೆ ಇಷ್ಟು ಹೇಳಿದ ಮೇಲೆ ಅವರ ಪ್ರಶ್ನೆಗೆ ಬಂದೆ. ಎರಡು ತಿಂಗಳ ರಜೆ ವಿಮಾನಕ್ಕಿಲ್ಲ. ರೆಕ್ಕೆಯಿಂದ ಒಮ್ಮೆಯೂ ಇಳಿಯದೆ 20,000 ಗಂಟೆಗಿಂತ ಹೆಚ್ಚು ಹಾರಿದ ಸಿಎಫ್‌ಎಂ56 ಎಂಜಿನ್‌ಗಳು ಬೇಕಷ್ಟಿವೆ. "ಇಷ್ಟು ವರ್ಷವಾಯಿತು, ಬಿಚ್ಚೋಣ" ಎಂಬ ಲೆಕ್ಕ ಈಗ ಇಲ್ಲ. ಬಿಚ್ಚದೆಯೇ ಪ್ರತಿದಿನ ಒಳಗೆ ನೋಡುವ ದಾರಿಗಳಿವೆ.

ಒಂದು, ಅಂಕಿ. ಪ್ರತಿ ಸಲ ಏರುವಾಗ ಮತ್ತು ಎತ್ತರದಲ್ಲಿ ನೆಟ್ಟಗೆ ಹಾರುವಾಗ ಎಂಜಿನ್ ತನ್ನ ಅಂಕಿಗಳನ್ನು ನೆಲಕ್ಕೆ ಕಳಿಸುತ್ತದೆ. ನೆಲದ ಮೇಲೆ ಕೂತವರು ಅದನ್ನು ತಿಂಗಳುಗಟ್ಟಲೆ ಗೆರೆ ಎಳೆದು ನೋಡುತ್ತಾರೆ. ಇಜಿಟಿಗೆ ಒಂದು ಕೆಂಪು ಗೆರೆ ಇದೆ. ಸಿಎಫ್‌ಎಂ56-7ಬಿಗೆ ಅದು 950 ಡಿಗ್ರಿ ಸೆಲ್ಸಿಯಸ್. ಸೆಖೆಯ ದಿನ ಪೂರ್ತಿ ಪವರ್‌ನಲ್ಲಿ ಏರುವಾಗ ಎಂಜಿನ್ ಆ ಗೆರೆಗಿಂತ ಎಷ್ಟು ಕೆಳಗಿದೆ ಎಂಬುದನ್ನು ಇಜಿಟಿ ಮಾರ್ಜಿನ್ ಎನ್ನುತ್ತೇವೆ. ಎಂಜಿನ್ ಹಳೆಯದಾದಂತೆ ಆ ಅಂತರ ಕರಗುತ್ತಾ ಬರುತ್ತದೆ. ಮೆಲ್ಲಗೆ ಕರಗಿದರೆ ಅದು ವಯಸ್ಸು. ಒಂದೇ ದಿನದಲ್ಲಿ ಮೆಟ್ಟಿಲ ಹಾಗೆ ಇಳಿದರೆ ಒಳಗೆ ಏನೋ ಆಗಿದೆ.

ಇನ್ನೊಂದು, ಆಯಿಲ್. ಆ ಆಯಸ್ಕಾಂತದ ಬಿರಡೆಗೆ ಕಬ್ಬಿಣದ ಚೂರು ಅಂಟಿಕೊಳ್ಳುತ್ತದೆ. ಮಸಿಯಂಥ ನುಣ್ಣನೆ ಪುಡಿ ಇದ್ದರೆ ಚಿಂತೆಯಿಲ್ಲ, ಸವೆತ ಸಹಜ. ಹೊಳೆಯುವ ಸಣ್ಣ ಸಣ್ಣ ಚಕ್ಕೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಆ ಚಕ್ಕೆಯನ್ನು ಲ್ಯಾಬಿಗೆ ಕಳಿಸಿದರೆ ಅದು ಯಾವ ಲೋಹ, ಬೇರಿಂಗಿನದೋ ಗೇರಿನದೋ ಎಂದು ಹೇಳುತ್ತಾರೆ. ಮಾವ ಇದನ್ನು ಕೇಳಿ ತಲೆಯಾಡಿಸಿದರು. ಬೋಟಿನ ಆಯಿಲ್ ಬದಲಿಸುವಾಗ ಅವರೂ ಹಳೆಯ ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಾರೆ.

ಮೂರನೆಯದು ಬೋರೊಸ್ಕೋಪ್. ಹೊಟ್ಟೆಗೆ ಕ್ಯಾಮೆರಾ ಹಾಕಿ ನೋಡುವ ಎಂಡೋಸ್ಕೋಪಿ ಇದೆಯಲ್ಲ, ಅದೇ. ಎಂಜಿನ್ ಮೈಮೇಲೆ ಅಲ್ಲಲ್ಲಿ ಬಿರಡೆ ಹಾಕಿದ ತೂತುಗಳಿರುತ್ತವೆ. ಎಂಜಿನ್ ತಣಿಯಲು ಬಿಡಬೇಕು. ಆಮೇಲೆ ಬಿರಡೆ ಬಿಚ್ಚಿ ಕ್ಯಾಮೆರಾ ಒಳಗೆ ಇಳಿಸಬೇಕು. ಒಬ್ಬರು ಗೇರ್‌ಬಾಕ್ಸಿಗೆ ಹಿಡಿಕೆ ಹಾಕಿ ಒಳಗಿನ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಾರೆ. ಇನ್ನೊಬ್ಬರು ಪರದೆಯ ಮೇಲೆ ಕಣ್ಣಿಟ್ಟು ಒಂದೊಂದೇ ಬ್ಲೇಡು ಎಣಿಸುತ್ತಾ ನೋಡುತ್ತಾರೆ. ಅಡಿಕೆ ಆರಿಸುವವರು ಒಂದೊಂದೇ ಅಡಿಕೆ ಕೈಗೆತ್ತಿಕೊಂಡು ನೋಡುವುದಿಲ್ಲವೇ, ಅಷ್ಟೇ ತಾಳ್ಮೆ ಬೇಕು. ಎಣಿಕೆ ತಪ್ಪಿದರೆ ಮೊದಲಿನಿಂದ ಶುರು. ಹಕ್ಕಿ ಬಡಿದಾಗ, ಎಂಜಿನ್ ಢಬ್ ಎಂದು ಸದ್ದು ಮಾಡಿದಾಗ, ಇಜಿಟಿ ಗೆರೆ ದಾಟಿದಾಗ ಇದನ್ನು ಮಾಡಲೇಬೇಕು. ಬಿರುಕು ಕಂಡರೆ ಕ್ಯಾಮೆರಾದಿಂದಲೇ ಅದರ ಉದ್ದ ಅಳೆಯುತ್ತೇವೆ. ಯಾವ ಜಾಗದಲ್ಲಿ ಎಷ್ಟು ಉದ್ದದವರೆಗೆ ಹಾರಬಹುದು ಎಂಬ ಲೆಕ್ಕ ಮ್ಯಾನುಯಲ್‌ನಲ್ಲಿದೆ. ಕೆಲವು ಸಲ ಹಾರಬಹುದು, ಆದರೆ ಇಷ್ಟು ಹಾರಾಟದ ನಂತರ ಮತ್ತೆ ನೋಡಬೇಕು ಎಂದಿರುತ್ತದೆ.

ಕಲ್ಲು ಬಡಿದು ಕಂಪ್ರೆಸರ್ ಬ್ಲೇಡಿನ ಅಂಚಿನಲ್ಲಿ ಕಚ್ಚು ಬಿದ್ದರೆ ಅದನ್ನು ನಯವಾಗಿ ಉಜ್ಜಿ ಬಳುಕು ಮಾಡುತ್ತೇವೆ. ಬಟ್ಟೆ ಅಂಗಡಿಯವರು ಬಟ್ಟೆ ಹರಿಯುವ ಮೊದಲು ಕತ್ತರಿಯಿಂದ ಸಣ್ಣ ಕಚ್ಚು ಹಾಕುತ್ತಾರೆ, ಆಮೇಲೆ ಎಳೆದರೆ ಪರ್ರೆಂದು ಹರಿಯುತ್ತದೆ. ಲೋಹವೂ ಹಾಗೆಯೇ ಕಚ್ಚಿನಿಂದ ಸೀಳುತ್ತದೆ. ಚೂಪು ಮೂಲೆ ಹೋದರೆ ಬಿರುಕು ಹುಟ್ಟಲು ಜಾಗ ಸಿಗುವುದಿಲ್ಲ. ಕ್ಯಾಮೆರಾದ ಜೊತೆಗೇ ಒಳಗೆ ಹೋಗುವ ಪುಟ್ಟ ಉಜ್ಜುವ ಉಪಕರಣಗಳೂ ಇವೆ. ಎಂಜಿನ್ ಬಿಚ್ಚದೆ, ರೆಕ್ಕೆಯ ಮೇಲೇ ಈ ಕೆಲಸ ಮಾಡುವವರ ಕೈ ನೋಡಲು ನನಗೆ ಬಹಳ ಇಷ್ಟ.

ವೈಬ್ರೇಷನ್ ಬಗ್ಗೆ ಒಂದು ಮಾತು. ಫ್ಯಾನಿನ ಒಂದು ಬ್ಲೇಡಿನ ತುದಿ ಸ್ವಲ್ಪ ಹೋದರೂ ಸಮತೋಲ ತಪ್ಪುತ್ತದೆ. ಬ್ಲೇಡಿನ ಬುಡದಲ್ಲಿ ಹಚ್ಚಿದ ಲೂಬ್ರಿಕಂಟ್ ಒಣಗಿದರೂ ತಪ್ಪುತ್ತದೆ. ಬುಡಕ್ಕೆ ಮತ್ತೆ ಹಚ್ಚಿ, ಆದರೂ ಉಳಿದರೆ ಮುಂದಿನ ಕೋನ್ ಸುತ್ತ ಬೇರೆ ಬೇರೆ ತೂಕದ ಸ್ಕ್ರೂ ಹಾಕಿ ಸರಿಮಾಡುತ್ತೇವೆ. ಕಾರಿನ ಚಕ್ರಕ್ಕೆ ಸೀಸದ ತುಂಡು ಅಂಟಿಸಿ ಬ್ಯಾಲೆನ್ಸ್ ಮಾಡಿದ ಹಾಗೆಯೇ.

ನಮ್ಮ ಕರಾವಳಿಯವರಿಗೆ ಉಪ್ಪಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಕಿಟಕಿಯ ಕಬ್ಬಿಣದ ಸರಳು ಎರಡು ಮಳೆಗಾಲಕ್ಕೆ ಪೊರೆ ಬಿಡುತ್ತದೆ. ಕಡಲ ಪಕ್ಕದ ನಿಲ್ದಾಣಗಳಲ್ಲಿ ಓಡಾಡುವ ಎಂಜಿನ್‌ಗಳು ಆ ಉಪ್ಪುಗಾಳಿಯನ್ನೇ ನುಂಗುತ್ತವೆ. ಕಂಪ್ರೆಸರ್ ಬ್ಲೇಡಿನ ಮೇಲೆ ಜಿಡ್ಡು, ಧೂಳು, ಉಪ್ಪು ಸೇರಿ ಪದರ ಕಟ್ಟುತ್ತದೆ. ಉಪ್ಪು ಮತ್ತು ಇಂಧನದ ಗಂಧಕ ಸೇರಿ ಬಿಸಿಯಲ್ಲಿ ಟರ್ಬೈನ್ ಬ್ಲೇಡನ್ನು ತಿನ್ನುತ್ತವೆ. ಅದಕ್ಕೆ ಎಂಜಿನ್‌ಗೆ ಸ್ನಾನ ಮಾಡಿಸುತ್ತೇವೆ. ಬೆಂಕಿ ಹೊತ್ತಿಸದೆ, ಸ್ಟಾರ್ಟರಿನಿಂದ ಬರೀ ತಿರುಗಿಸುತ್ತಾ ಒಳಗೆ ಶುದ್ಧ ನೀರು ಸಿಂಪಡಿಸುವುದು. ಕಳೆದುಹೋದ ಇಜಿಟಿ ಮಾರ್ಜಿನ್‌ನಲ್ಲಿ ಕೆಲವು ಡಿಗ್ರಿ ಮರಳಿ ಬರುತ್ತದೆ. ದೋಣಿಯವರು ದಡಕ್ಕೆ ಬಂದಮೇಲೆ ಔಟ್‌ಬೋರ್ಡ್ ಮೋಟರಿಗೆ ಸಿಹಿನೀರು ಹಾಯಿಸುತ್ತಾರಲ್ಲ, ಅದೇ ಕಾರಣ, ಅದೇ ಮದ್ದು.

ಕೊನೆಗೂ ಎಂಜಿನ್ ಇಳಿಸಬೇಕಾದ ದಿನ ಬರುತ್ತದೆ. ಸುಮಾರು 2,400 ಕಿಲೋ ತೂಕದ ಎಂಜಿನ್ ರೆಕ್ಕೆಗೆ ನೇತಾಡುವುದು ಬೆರಳೆಣಿಕೆಯ ಬೋಲ್ಟುಗಳಿಂದ ಎಂದರೆ ಯಾರೂ ನಂಬುವುದಿಲ್ಲ. ತಂತಿ, ಪೈಪು ಬಿಡಿಸಿ, ಚೈನ್ ಹಾಯಿಸ್ಟ್ ಹಾಕಿ ಇಳಿಸಿ, ಇನ್ನೊಂದನ್ನು ಏರಿಸುತ್ತೇವೆ. ಅನುಭವಸ್ಥರ ತಂಡ ಒಂದು ದಿನದಲ್ಲಿ ಮಾಡಿ ಮುಗಿಸುತ್ತದೆ. ಇಳಿಸಿದ್ದು ಶಾಪ್‌ಗೆ, ಅಂದರೆ ಎಂಜಿನ್ ರಿಪೇರಿಯ ವರ್ಕ್‌ಶಾಪಿಗೆ, ಹೋಗುತ್ತದೆ. ಮಾವ ಹೇಳುವ ಪೂರ್ತಿ ಬಿಚ್ಚುವ ಕೆಲಸ ಅಲ್ಲಿ ನಡೆಯುತ್ತದೆ. ಭಾಗಗಳನ್ನು ತೊಳೆದು, ಬೆಳಕಿಗೆ ಹೊಳೆಯುವ ದ್ರವದಲ್ಲಿ ಅದ್ದಿ, ಒರೆಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ. ಬಿರುಕಿನೊಳಗೆ ಉಳಿದ ದ್ರವ ಹಸಿರು ಗೆರೆಯಾಗಿ ಮಿನುಗುತ್ತದೆ.

ಬ್ಲೇಡು ಹೊತ್ತ ಡಿಸ್ಕುಗಳ ವಿಷಯ ಬೇರೆ. ಬ್ಲೇಡು ಮುರಿದರೆ ಎಂಜಿನ್‌ನ ಕವಚ ಅದನ್ನು ತಡೆಯಬೇಕು ಎಂದೇ ಕಟ್ಟಿರುತ್ತಾರೆ. ಡಿಸ್ಕ್ ಒಡೆದರೆ ತಡೆಯುವ ಕವಚ ಇಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ವಿಮಾನದಲ್ಲಿ ಒಡೆದದ್ದು ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್. ಟೈಟೇನಿಯಂ ಎರಕ ಹೊಯ್ಯುವಾಗಲೇ ಒಳಗೆ ಉಳಿದಿದ್ದ ಸಣ್ಣ ದೋಷದಿಂದ ಬಿರುಕು ಬೆಳೆದಿತ್ತು. ತಪಾಸಣೆಯಲ್ಲಿ ಅದು ಕಣ್ಣು ತಪ್ಪಿತ್ತು. ಒಡೆದರೆ ತಡೆಯಲು ಆಗದ ಕಾರಣ ಡಿಸ್ಕಿಗೆ ಆಯುಷ್ಯವನ್ನು ಹಾರಾಟದ ಲೆಕ್ಕದಲ್ಲಿ ಬರೆದಿಡುತ್ತಾರೆ. ಆ ಎಣಿಕೆ ಮುಗಿದರೆ ಡಿಸ್ಕ್ ಹೊಸದರ ಹಾಗೆ ಹೊಳೆಯುತ್ತಿದ್ದರೂ ಗುಜರಿಗೆ. 2023ರಲ್ಲಿ ಎ320 ನಿಯೋ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ಡಿಸ್ಕಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲಬೆರಕೆ ಇದ್ದದ್ದು ಹೊರಬಂತು. ಒಂದು ಎಂಜಿನ್ ಇಳಿಸಿ, ಶಾಪ್‌ಗೆ ಹೋಗಿ ಮರಳಿ ಬರಲು 250ರಿಂದ 300 ದಿನ ಎಂದು ಕಂಪನಿಯೇ ಹೇಳಿತು. ನಮ್ಮ ದೇಶದಲ್ಲೂ ಇಂಡಿಗೋದ ಹತ್ತಾರು ವಿಮಾನ ಎಂಜಿನ್ ಇಲ್ಲದೆ ನಿಂತವು.

ಇನ್ನು ಭಾವನ ಐದು ಗಂಟೆ. ಅವರು ಕಂಡದ್ದನ್ನು ಚೆನ್ನಾಗಿಯೇ ಹೇಳಿದ್ದರು. ವಿಮಾನವನ್ನು ಹಿಂದಕ್ಕೆ ತಳ್ಳಿದ್ದಾರೆ. ಒಂದು ಎಂಜಿನ್ ಶುರುವಾಗಿದೆ, ಇನ್ನೊಂದು ಆಗಿಲ್ಲ. ಮತ್ತೆ ಜಾಗಕ್ಕೆ ಎಳೆದು ತಂದು ಎಲ್ಲರನ್ನೂ ಇಳಿಸಿದ್ದಾರೆ. ಕೊನೆಗೆ ಹತ್ತಿಸಿಕೊಂಡಾಗ ಒಬ್ಬರು ಎಂಜಿನ್ ಕೆಳಗೆ ನಿಂತು ಏನನ್ನೋ ತಿರುಗಿಸಿದ್ದಾರೆ, ಎಂಜಿನ್ ಹೊತ್ತಿಕೊಂಡಿದೆ. "ಅಷ್ಟೇ ಮಾಡೋದಿದ್ದರೆ ಮೊದಲೇ ಮಾಡಬಹುದಿತ್ತಲ್ಲ?" ಎಂಬುದು ಅವರ ಸಿಟ್ಟು.

ಅವರ ಮಾತು ಕೇಳಿದರೆ ಅದು ಸ್ಟಾರ್ಟರ್ ವಾಲ್ವ್. ಈ ಎಂಜಿನ್ ಶುರುವಾಗುವುದು ಗಾಳಿಯಿಂದ. ಬಾಲದಲ್ಲಿರುವ ಸಣ್ಣ ಎಂಜಿನ್ ಒತ್ತಿದ ಗಾಳಿ ಕೊಡುತ್ತದೆ, ವಾಲ್ವ್ ತೆರೆದು ಅದು ಸ್ಟಾರ್ಟರ್ ತಿರುಗಿಸುತ್ತದೆ. ತಿರುಗಲಿಲ್ಲ ಎಂದರೆ ಗಾಳಿಯೇ ಬರಲಿಲ್ಲವೋ, ವಾಲ್ವಿಗೆ ಕರೆಂಟ್ ಹೋಗಲಿಲ್ಲವೋ, ವಾಲ್ವ್ ಅಂಟಿಕೊಂಡಿತೋ, ಸ್ಟಾರ್ಟರಿನ ಶಾಫ್ಟೇ ಮುರಿಯಿತೋ? ಇನ್ನೊಂದು ಎಂಜಿನ್ ಶುರುವಾದ್ದರಿಂದ ಗಾಳಿ ಇದೆ. ಉಳಿದ ಮೂರನ್ನು ಒಂದೊಂದಾಗಿ ನೋಡಬೇಕು. ಕವಚ ತೆರೆಯಬೇಕು, ಮ್ಯಾನುಯಲ್ ಹೇಳಿದ ಟೆಸ್ಟ್ ಮಾಡಬೇಕು. ವಾಲ್ವೇ ಎಂದು ಖಚಿತವಾದ ಮೇಲೆ ಹೊಸ ವಾಲ್ವ್ ಇದೆಯೇ? ಸಣ್ಣ ನಿಲ್ದಾಣದಲ್ಲಿ ಎಲ್ಲ ಭಾಗ ಇಟ್ಟಿರುವುದಿಲ್ಲ. ಆಗ ಎಂಇಎಲ್ ತೆರೆಯಬೇಕು. ಏನೇನು ಕೆಟ್ಟಿದ್ದರೂ ಯಾವ ಷರತ್ತಿನ ಮೇಲೆ, ಎಷ್ಟು ದಿನ ಹಾರಬಹುದು ಎಂದು ಮೊದಲೇ ಬರೆದಿಟ್ಟ ಪಟ್ಟಿ ಅದು. ಒಂದೊಂದು ದೋಷಕ್ಕೆ ಒಂದೊಂದು ಗಡುವು. ಕೆಲವಕ್ಕೆ 3 ದಿನ, ಕೆಲವಕ್ಕೆ 10 ದಿನ, ಕೆಲವಕ್ಕೆ 120 ದಿನ. ಪಟ್ಟಿಯಲ್ಲಿ ಇಲ್ಲದಿದ್ದರೆ ಹಾರುವ ಹಾಗೇ ಇಲ್ಲ. ಕೈಯಿಂದ ವಾಲ್ವ್ ತೆರೆದು ಶುರುಮಾಡಬಹುದು ಎಂದಿದ್ದರೆ ಅದರ ಕಾಗದಪತ್ರ ಮಾಡಿ, ಲೈಸೆನ್ಸ್ ಇರುವ ಎಂಜಿನಿಯರ್ ಲಾಗ್‌ನಲ್ಲಿ ಬರೆದು ಸಹಿ ಹಾಕಬೇಕು. ನಮ್ಮ ದೇಶದಲ್ಲಿ ಆ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಎಂಜಿನ್ ಕೆಲಸಕ್ಕೆ ಬಿ1 ಎಂಬ ದರ್ಜೆಯದ್ದು ಬೇಕು. ಪೈಲಟ್ ಓದಿ ಒಪ್ಪಬೇಕು. ಇಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಸಮಯ ಮುಗಿದರೆ ಬೇರೆಯವರನ್ನು ಕರೆಸಬೇಕು.

"ಕೆಳಗೆ ನಿಂತಿದ್ದವರು ಕಿವಿಗೆ ಹೆಡ್‌ಸೆಟ್ ಹಾಕಿದ್ದರಾ?" ಎಂದು ಕೇಳಿದೆ. ಹಾಕಿದ್ದರಂತೆ. ಪೈಲಟ್ "ತೆರೆಯಿರಿ" ಎಂದಾಗ ಅವರು ಕವಚದ ಸಣ್ಣ ಬಾಗಿಲಿನಿಂದ ಕೈಹಾಕಿ ಹಿಡಿಕೆ ತಿರುಗಿಸುತ್ತಾರೆ. ಎಂಜಿನ್ ತಾನೇ ತಿರುಗುವಷ್ಟು ವೇಗ ಹಿಡಿದ ಮೇಲೆ ಪೈಲಟ್ "ಮುಚ್ಚಿ" ಎನ್ನುತ್ತಾರೆ. ಪಕ್ಕದಲ್ಲೇ ಫ್ಯಾನ್ ಗಾಳಿ ಎಳೆಯುತ್ತಿರುತ್ತದೆ, ಹಿಂದೆ ಬಿಸಿ ಗಾಳಿ. ನಿಲ್ಲಬೇಕಾದ ಜಾಗ ಬಿಟ್ಟು ಒಂದು ಹೆಜ್ಜೆಯೂ ಆಚೀಚೆ ಇಡುವ ಹಾಗಿಲ್ಲ. ಹಿಡಿಕೆ ತೆಗೆದು, ಬಾಗಿಲು ಮುಚ್ಚಿ, ಬಂದ ದಾರಿಯಲ್ಲೇ ಹೊರಬರಬೇಕು.

"ಆಮೇಲೆ ಅವರು ದೂರ ಹೋಗಿ ಕೆಂಪು ಪಟ್ಟಿ ಕಟ್ಟಿದ ಏನನ್ನೋ ಕೈಯೆತ್ತಿ ತೋರಿಸಿದರು" ಎಂದರು ಭಾವ. ಅದು ಮುಂದಿನ ಚಕ್ರದ ಪಿನ್ನು. ವಿಮಾನವನ್ನು ತಳ್ಳುವಾಗ ಹಾಕಿರುತ್ತಾರೆ, ಆಮೇಲೆ ತೆಗೆಯಬೇಕು. ತೆಗೆದಿದ್ದೇನೆ, ನೋಡಿ, ನನ್ನ ಕೈಯಲ್ಲಿದೆ ಎಂದು ಪೈಲಟ್‌ಗೆ ತೋರಿಸುವುದು. ಪೈಲಟ್ ಒಳಗಿನಿಂದ ಕೈ ಬೀಸಿದ ಮೇಲೆಯೇ ಅವರು ಕೈ ಕೆಳಗಿಳಿಸುತ್ತಾರೆ.